ಹೊರಪದರ ದಾಟಿದ ಕ್ಯಾನ್ಸರ್‌ಗೂ ಶಸ್ತ್ರಚಿಕಿತ್ಸೆ

ಕಾಗಿಣಾ ನದಿ ತುಂಬಿ ಹರಿದರೆ ಕಲಬುರಗಿ ಜಿಲ್ಲೆಯ ದಂಡೋತಿ ಸೇತುವೆ ಮುಳುಗುತ್ತದೆ, ಆಸ್ಪತ್ರೆಯ ದಾರಿ ಬಂದ್ ಆಗುತ್ತದೆ. ನೀರು ಇಳಿದ ಮೇಲೂ ನಮ್ಮ ಹಿರಿಯರು ಮುಂದೂಡುವ ತೊಂದರೆಯೊಂದಿದೆ. ರಾತ್ರಿ ಪದೇ ಪದೇ ಏಳಬೇಕು, ಮೂತ್ರದ ಧಾರೆ ಸಣ್ಣದಾಗಿದೆ. ಆದರೂ ‘ವಯಸ್ಸಾಯಿತಲ್ಲ’ ಎಂಬ ಸಮಾಧಾನ. ಎಷ್ಟೋ ಮಂದಿಗೆ ಅದು ಪ್ರಾಸ್ಟೇಟ್ ಗ್ರಂಥಿಯ ಸಾಮಾನ್ಯ ಊತವೇ. ಕೆಲವರಲ್ಲಿ ಮಾತ್ರ ಕ್ಯಾನ್ಸರ್ ಗ್ರಂಥಿಯ ಹೊರಪದರ ದಾಟಿ ವೀರ್ಯಕೋಶಕ್ಕೆ ಚಾಚಿರುತ್ತದೆ. ಈ ಹಂತದಲ್ಲಿ ಕತ್ತರಿ ಹಿಡಿಯಲು ವೈದ್ಯರೇ ದಶಕಗಳ ಕಾಲ ಹಿಂಜರಿದರು.

ಗ್ರಂಥಿಯನ್ನು ವೀರ್ಯಕೋಶದ ಸಮೇತ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಯಂಗ್ 1904ರಲ್ಲೇ ಮಾಡಿದ್ದರು. 1941ರಲ್ಲಿ ಚಾರ್ಲ್ಸ್ ಹಗಿನ್ಸ್, ಪುರುಷ ಹಾರ್ಮೋನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಮುಂದೆ ಹೊರಪದರ ದಾಟಿದ ರೋಗಕ್ಕೆ ಹಾರ್ಮೋನು ಚಿಕಿತ್ಸೆ, ವಿಕಿರಣ ಇವೇ ಆಸರೆಯಾದವು. 1982ರಲ್ಲಿ ಪ್ಯಾಟ್ರಿಕ್ ವಾಲ್ಷ್ ಲೈಂಗಿಕ ಶಕ್ತಿಗೆ ಬೇಕಾದ ನರಗಳನ್ನು ಉಳಿಸುವ ವಿಧಾನ ರೂಪಿಸಿದರು. 2000ದ ನಂತರ ಡೆಟ್ರಾಯಿಟ್‌ನಲ್ಲಿ ಭಾರತ ಮೂಲದ ಮಣಿ ಮೆನನ್ ರೋಬಾಟ್ ನೆರವಿನ ಶಸ್ತ್ರಚಿಕಿತ್ಸೆಯನ್ನು ಬಳಕೆಗೆ ತಂದರು. ಕೈ ಪಳಗಿದಂತೆ, ಆಯ್ದ ರೋಗಿಗಳಲ್ಲಿ ಮುಂದುವರಿದ ಹಂತಕ್ಕೂ ಶಸ್ತ್ರಚಿಕಿತ್ಸೆ ಒಪ್ಪಿತವಾಯಿತು.

ಗ್ರಂಥಿ, ವೀರ್ಯಕೋಶಗಳ ಜೊತೆಗೆ ಕಿಬ್ಬೊಟ್ಟೆಯ ಎರಡೂ ಬದಿಯ ದುಗ್ಧಗ್ರಂಥಿಗಳನ್ನೂ ತೆಗೆದು, ಮೂತ್ರಕೋಶದ ಬಾಯಿಯನ್ನು ಮೂತ್ರನಾಳಕ್ಕೆ ಹೊಲಿಯುತ್ತಾರೆ. ಕ್ಯಾನ್ಸರ್ ಚಾಚಿದ ಬದಿಯ ನರ ಉಳಿಸುವುದು ಹಲವು ಸಲ ಆಗದು. ಲೈಂಗಿಕ ಶಕ್ತಿ ಕುಂದಬಹುದು. ಕೆಲವರಿಗೆ ಮೂತ್ರ ಸೋರುವ ತೊಂದರೆ ಉಳಿಯುತ್ತದೆ. ಇದನ್ನು ಮೊದಲೇ ತಿಳಿಸಿ ಹೇಳಬೇಕು. ತೆಗೆದ ಗ್ರಂಥಿಯ ಮೈಗೆ ಪ್ರಯೋಗಾಲಯದಲ್ಲಿ ಶಾಯಿ ಬಳಿದು, ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಕ್ಯಾನ್ಸರ್ ಕೋಶ ಶಾಯಿಗೆ ತಾಗಿದ್ದರೆ ದೇಹದೊಳಗೂ ಒಂದಿಷ್ಟು ಉಳಿದಿರುವ ಸಂಶಯ. ಮುಂದೆ ರಕ್ತದಲ್ಲಿ ಪ್ರಾಸ್ಟೇಟ್‌ನ ಪ್ರೋಟೀನಾದ ಪಿಎಸ್‌ಎ ಮಟ್ಟ ಏರಿದರೆ ವಿಕಿರಣ, ಹಾರ್ಮೋನು ಚಿಕಿತ್ಸೆ ಬೇಕಾಗಬಹುದು. ಹಾಗಾಗಿ ಈ ಹಂತದಲ್ಲಿ ಶಸ್ತ್ರಚಿಕಿತ್ಸೆ ಅನೇಕರಿಗೆ ಮೊದಲ ಮೆಟ್ಟಿಲು ಮಾತ್ರ.

ಬಡವರಿಗೆ ಈ ಮೆಟ್ಟಿಲು ಹತ್ತಿರವಾಗಿಸಿದ ಯೋಜನೆ ಶುರುವಾದದ್ದು ನಮ್ಮ ಭಾಗದಲ್ಲೇ. ಕ್ಯಾನ್ಸರ್‌ಗೂ ನಗದುರಹಿತ ಚಿಕಿತ್ಸೆ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಜಾರಿಯಾದದ್ದು ಗುಲ್ಬರ್ಗ (ಈಗಿನ ಕಲಬುರಗಿ) ವಿಭಾಗದಲ್ಲಿ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ, ಆಯುಷ್ಮಾನ್ ಭಾರತ್ ಜೊತೆ ಸೇರಿದ ಮೇಲೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಕೊಟ್ಟಿತು. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ.

ದಂಡೋತಿಯಾಗಲಿ, ಸೇಡಂ, ವಾಡಿ, ಚಿಂಚೋಳಿಯಾಗಲಿ, ಮನೆಯ ಹಿರಿಯರು ಮೂತ್ರದ ತೊಂದರೆ ಹೇಳಿದರೆ ನಾಚಿಕೆ ಬಿಡಿಸಿ ಮೂತ್ರರೋಗ ತಜ್ಞರ ಬಳಿ ಕರೆದೊಯ್ಯಿರಿ. ಕ್ಯಾನ್ಸರ್ ಎಂದಾದರೆ ಶಸ್ತ್ರಚಿಕಿತ್ಸಕರು, ವಿಕಿರಣ ತಜ್ಞರು ಇಬ್ಬರ ಮಾತನ್ನೂ ಕೇಳಿಯೇ ತೀರ್ಮಾನಿಸಿ.