ನ್ಯಾಯಾಲಯದ ಆದೇಶ ಮತ್ತು ಅಧಿಕಾರಿಗಳ ಹೊಣೆ: ಕಾಫಿ ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಮಲೆನಾಡಿನ ಸಣ್ಣ ಕಾಫಿ ಬೆಳೆಗಾರನು ಮಳೆಯನ್ನು ನೆಚ್ಚಿಕೊಂಡಿರುವಷ್ಟೇ ಕಾಗದಪತ್ರಗಳನ್ನೂ ನೆಚ್ಚಿಕೊಂಡಿದ್ದಾನೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಆಗದಿದ್ದರೆ ಪಹಣಿಯಲ್ಲಿ ಮಕ್ಕಳ ಹೆಸರು ಬಾರದು. ಪಹಣಿ ಸರಿಯಿಲ್ಲದಿದ್ದರೆ ಬೆಳೆಸಾಲ ಸಿಗುವುದು ಕಷ್ಟ. ಸಾಲ ತಡವಾದರೆ ಗೊಬ್ಬರ, ಮರಗಸಿ, ಮಳೆಗಾಲಕ್ಕೆ ಮುಂಚಿನ ಬೋರ್ಡೋ ಸಿಂಪಡಣೆ ಎಲ್ಲವೂ ಹಿಂದೆ ಬೀಳುತ್ತವೆ. ಹೀಗೆ ಕಚೇರಿಯ ವಿಳಂಬವು ಕೊನೆಗೆ ತೋಟದ ಇಳುವರಿಯನ್ನೇ ತಟ್ಟುತ್ತದೆ.

ಅರ್ಜಿ ಕೊಟ್ಟು, ಅಲೆದು, ಬೇಸತ್ತು ಕೆಲವರು ಹೈಕೋರ್ಟಿಗೆ ಹೋಗುತ್ತಾರೆ. ಆದೇಶವೂ ಸಿಗುತ್ತದೆ. ಆದರೆ ಆದೇಶದ ಪ್ರತಿ ಪೆಟ್ಟಿಗೆಯಲ್ಲಿದ್ದು, ಖಾತೆ ಮಾತ್ರ ಹಳೆಯ ಹೆಸರಿನಲ್ಲಿಯೇ ಉಳಿಯುವುದುಂಟು. ಆದೇಶವನ್ನು ಪಾಲಿಸದ ಅಧಿಕಾರಿಯನ್ನು ಮತ್ತು ಸರ್ಕಾರದ ಪರವಾಗಿ ನಿಂತ ವಕೀಲರನ್ನು ನ್ಯಾಯಾಲಯವು ಹೇಗೆ ಹೊಣೆಗಾರರನ್ನಾಗಿ ಮಾಡುತ್ತದೆ ಎಂಬುದನ್ನು ಬೆಳೆಗಾರರು ತಿಳಿದಿರುವುದು ಅವಶ್ಯಕ.

ಕುದುರೆಮುಖದ ಪಾಠ

ಸರ್ಕಾರವೂ ಕಾನೂನಿಗೆ ಬದ್ಧವೆಂಬುದಕ್ಕೆ ಕಳಸದ ನೆರೆಯಲ್ಲೇ ಉದಾಹರಣೆಯಿದೆ. ಕುದುರೆಮುಖದ ಅದಿರಿನ ಗಣಿ ಗುತ್ತಿಗೆಯನ್ನು 1969ರಲ್ಲಿ 30 ವರ್ಷಗಳ ಅವಧಿಗೆ ಕೊಡಲಾಗಿತ್ತು. 1976ರಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. 1987ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಮೊದಲ ಅಧಿಸೂಚನೆ ಹೊರಟಿತು. 1999ರ ಜುಲೈನಲ್ಲಿ ಗುತ್ತಿಗೆ ಮುಗಿದ ಮೇಲೂ ತಾತ್ಕಾಲಿಕ ಅನುಮತಿಯ ಆಧಾರದ ಮೇಲೆ ಗಣಿ ಕೆಲಸ ಮುಂದುವರಿಯಿತು. ಭದ್ರಾ ನದಿಗೆ ಹೂಳು ಸೇರುವ ಆತಂಕ ಕೆಳಗಿನ ರೈತರಲ್ಲೂ ಇತ್ತು.

ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪಿತ್ತು, 2005ರ ಅಂತ್ಯದವರೆಗೆ ಮಾತ್ರ ಗಣಿ ಕೆಲಸಕ್ಕೆ ಅವಕಾಶ ಕೊಟ್ಟಿತು. ಗಡುವು ಮುಗಿದಾಗ ಗಣಿ ನಿಂತಿತು. ಗುತ್ತಿಗೆಯ ಅವಧಿ, ಅಧಿಸೂಚನೆ, ಅನುಮತಿಯ ದಿನಾಂಕ ಇವೆಲ್ಲ ಸರ್ಕಾರದ ಕಡತದಲ್ಲಿಯೇ ಇದ್ದ ಸಂಗತಿಗಳು. ದಾಖಲೆ ಮತ್ತು ದಿನಾಂಕಗಳೇ ಇಂಥ ವ್ಯಾಜ್ಯದ ಬುನಾದಿ.

ಆದೇಶ ಮೀರಿದ ಅಧಿಕಾರಿಗೆ ಶಿಕ್ಷೆ

ಕುದುರೆಮುಖದ ಅರ್ಜಿಯು ಗೋದಾವರ್ಮನ್ ಅರಣ್ಯ ಮೊಕದ್ದಮೆ ಎಂದು ಹೆಸರಾದ, 1995ರಲ್ಲಿ ಆರಂಭವಾದ ದೊಡ್ಡ ಮೊಕದ್ದಮೆಯ ಒಂದು ಭಾಗ. ಅದೇ ಮೊಕದ್ದಮೆಯ ಆದೇಶಗಳನ್ನು ಮೀರಿ ಗರಗಸದ ಮಿಲ್ಲುಗಳಿಗೆ ಅನುಮತಿ ಕೊಟ್ಟುದಕ್ಕಾಗಿ, 2006ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಒಬ್ಬ ಸಚಿವರಿಗೂ ಒಬ್ಬ ಪ್ರಧಾನ ಕಾರ್ಯದರ್ಶಿಗೂ ಸುಪ್ರೀಂ ಕೋರ್ಟು ತಲಾ ಒಂದು ತಿಂಗಳ ಸಾದಾ ಸೆರೆವಾಸ ವಿಧಿಸಿತು. ಅದಕ್ಕೂ ಮುಂಚೆ, 1995ರಲ್ಲಿ, ಬೆಂಗಳೂರು ಮಹಾನಗರ ಪಾಲಿಕೆಯ ಇಂಜಿನಿಯರೊಬ್ಬರ ಸೇವಾ ವಿಷಯದ ಆದೇಶವನ್ನು ಪಾಲಿಸದಿದ್ದ ಕಾರಣಕ್ಕೆ ಕರ್ನಾಟಕದ ಇಲಾಖಾ ಕಾರ್ಯದರ್ಶಿ ಜೆ. ವಾಸುದೇವನ್ ಅವರಿಗೂ ಒಂದು ತಿಂಗಳ ಸೆರೆವಾಸ ವಿಧಿಸಲಾಗಿತ್ತು. ದೊಡ್ಡ ಹುದ್ದೆ ರಕ್ಷಣೆಯಾಗಲಿಲ್ಲ.

ಇದಕ್ಕೆ ಆಧಾರ 1971ರ ನ್ಯಾಯಾಲಯ ನಿಂದನಾ ಕಾಯಿದೆ. ಆದೇಶವನ್ನು ಗೊತ್ತಿದ್ದೂ ಉದ್ದೇಶಪೂರ್ವಕವಾಗಿ ಮೀರುವುದು ಸಿವಿಲ್ ನಿಂದನೆ. ಇದಕ್ಕೆ 6 ತಿಂಗಳವರೆಗೆ ಸಾದಾ ಸೆರೆವಾಸ, 2,000 ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಶಿಕ್ಷೆಯಾಗುವುದು ವಿರಳ. ನೋಟೀಸು ಬಂದೊಡನೆ ಕೆಲಸ ಮಾಡಿಕೊಟ್ಟು ಕ್ಷಮೆ ಕೋರುವ ಅಧಿಕಾರಿಗಳೇ ಹೆಚ್ಚು. ಬೆಳೆಗಾರನಿಗೆ ಬೇಕಾದುದೂ ಖಾತೆಯೇ ಹೊರತು ಅಧಿಕಾರಿಯ ಸೆರೆವಾಸವಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. "ಅರ್ಜಿಯನ್ನು ಮೂರು ತಿಂಗಳಲ್ಲಿ ಪರಿಶೀಲಿಸಿ ತೀರ್ಮಾನಿಸಿ" ಎಂಬ ಆದೇಶ ಬೇರೆ, "ಖಾತೆ ಮಾಡಿಕೊಡಿ" ಎಂಬ ಆದೇಶ ಬೇರೆ. ಮೊದಲನೆಯದರಲ್ಲಿ ತಹಶೀಲ್ದಾರರು ಪರಿಶೀಲಿಸಿ, ಕಾರಣ ಕೊಟ್ಟು, ಅರ್ಜಿಯನ್ನು ತಿರಸ್ಕರಿಸಿದರೆ ಅದು ಸಾಮಾನ್ಯವಾಗಿ ನಿಂದನೆಯಾಗದು. ಆ ತಿರಸ್ಕಾರವನ್ನೇ ಪ್ರತ್ಯೇಕವಾಗಿ ಪ್ರಶ್ನಿಸಬೇಕಾಗುತ್ತದೆ. ಏನನ್ನೂ ಮಾಡದೆ ಸುಮ್ಮನಿದ್ದರೆ ಮಾತ್ರ ನಿಂದನೆಯ ಪ್ರಶ್ನೆ ಏಳುತ್ತದೆ. ಈ ವ್ಯತ್ಯಾಸ ತಿಳಿಯದೆ ಹಲವರು ಹಣವನ್ನೂ ಕಾಲವನ್ನೂ ಕಳೆದುಕೊಳ್ಳುತ್ತಾರೆ.

ಸರ್ಕಾರಿ ವಕೀಲರ ಹೊಣೆ

ಸರ್ಕಾರಿ ವಕೀಲರು ಸರ್ಕಾರದ ಪರ ವಾದಿಸುವುದು ತಪ್ಪಲ್ಲ. ಅದು ಅವರ ಕರ್ತವ್ಯ. ಆದರೆ ವಕೀಲರು ನ್ಯಾಯಾಲಯಕ್ಕೂ ಬಾಧ್ಯರು. ತಿಳಿದೂ ಸುಳ್ಳು ಹೇಳುವಂತಿಲ್ಲ, ದಾಖಲೆಯನ್ನು ಮರೆಮಾಚುವಂತಿಲ್ಲ. ಇಂತಿಷ್ಟು ದಿನದಲ್ಲಿ ಕೆಲಸ ಮುಗಿಸುತ್ತೇವೆಂದು ಸರ್ಕಾರದ ಪರವಾಗಿ ನ್ಯಾಯಾಲಯಕ್ಕೆ ಕೊಟ್ಟ ಮುಚ್ಚಳಿಕೆಯನ್ನು ಬೇಕೆಂದೇ ಮುರಿದರೆ ಅದೂ ನಿಂದನೆಯೇ. ಅಧಿಕಾರಿಯು ಸುಳ್ಳು ಪ್ರಮಾಣಪತ್ರ ಸಲ್ಲಿಸಿದರೆ ಬೇರೆ ಕ್ರಿಮಿನಲ್ ಕ್ರಮಕ್ಕೂ ಗುರಿಯಾಗಬಹುದು. ವಕೀಲರ ವೃತ್ತಿ ದುರ್ನಡತೆಯ ಬಗ್ಗೆ 1961ರ ವಕೀಲರ ಕಾಯಿದೆಯಂತೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಲು ಅವಕಾಶವಿದೆ. ಮೊಕದ್ದಮೆ ಸೋತಿತೆಂಬುದು ಮಾತ್ರ ದೂರಿಗೆ ಕಾರಣವಾಗದು.

ತಡವಾಗಿ ಮೇಲ್ಮನವಿ ಹಾಕಿ ಕೈತೊಳೆದುಕೊಳ್ಳುವ ಪದ್ಧತಿಯನ್ನೂ ನ್ಯಾಯಾಲಯ ಖಂಡಿಸಿದೆ. 2020ರಲ್ಲಿ ಮಧ್ಯಪ್ರದೇಶ ಸರ್ಕಾರವು 663 ದಿನ ತಡವಾಗಿ ಬಂದಾಗ, ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ವಜಾ ಮಾಡಿ, 25,000 ರೂಪಾಯಿ ಕಟ್ಟಬೇಕೆಂದೂ ಅದನ್ನು ವಿಳಂಬಕ್ಕೆ ಹೊಣೆಯಾದ ಅಧಿಕಾರಿಗಳಿಂದ ವಸೂಲು ಮಾಡಬೇಕೆಂದೂ ಹೇಳಿತು. ಅಧಿಕಾರಿಯ ದುರುದ್ದೇಶದ ವರ್ತನೆಯಿಂದ ಪ್ರಜೆಗೆ ಆದ ಕಷ್ಟಕ್ಕೆ ಕೊಡುವ ಪರಿಹಾರವನ್ನು ಬೊಕ್ಕಸದ ಮೇಲೆ ಹೇರದೆ ತಪ್ಪಿತಸ್ಥರಿಂದಲೇ ವಸೂಲು ಮಾಡಬೇಕೆಂಬ ತತ್ವವನ್ನು 1993ರಲ್ಲಿಯೇ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಹೇಳಲಾಗಿತ್ತು.

ನ್ಯಾಯಾಲಯವು ತನಗೂ ಮಿತಿ ಹಾಕಿಕೊಂಡಿದೆ. ಪ್ರತಿಯೊಂದಕ್ಕೂ ಅಧಿಕಾರಿಗಳನ್ನು ಖುದ್ದು ಕರೆಸಬಾರದು, ಅಗತ್ಯವಿದ್ದರೂ ಮೊದಲು ವಿಡಿಯೊ ಮೂಲಕ ಹಾಜರಾಗಲು ಅವಕಾಶ ಕೊಡಬೇಕು ಎಂಬ ಕಾರ್ಯವಿಧಾನವನ್ನು ಸುಪ್ರೀಂ ಕೋರ್ಟು 2024ರ ಜನವರಿ 3ರಂದು ವಿಧಿಸಿತು. ಆದುದರಿಂದ ಅಧಿಕಾರಿ ಕಟಕಟೆಗೆ ಬರಲಿಲ್ಲವೆಂದು ನಿರಾಶರಾಗಬೇಕಿಲ್ಲ.

ಬೆಳೆಗಾರರು ಅನುಸರಿಸಬೇಕಾದ ಕ್ರಮ

1. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯಬೇಕು. ಸಕಾಲ ವ್ಯಾಪ್ತಿಯ ಸೇವೆಯಾದರೆ ಸಕಾಲ ಸಂಖ್ಯೆ ಕೇಳಬೇಕು. 2011ರ ಆ ಕಾಯಿದೆಯಂತೆ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವುಂಟು. ಅದನ್ನು ತಪ್ಪಿತಸ್ಥ ನೌಕರನಿಂದ ವಸೂಲು ಮಾಡಲಾಗುತ್ತದೆ.

2. ಕಡತ ಎಲ್ಲಿದೆಯೆಂದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಟಿಪ್ಪಣಿ ಹಾಳೆಗಳ ನಕಲು ಕೇಳಬೇಕು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ.

3. ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡುವ ಮುನ್ನ ಸಾಮಾನ್ಯವಾಗಿ ಎರಡು ತಿಂಗಳ ನೋಟೀಸು ಕೊಡಬೇಕು. ಹೈಕೋರ್ಟಿನ ರಿಟ್ ಅರ್ಜಿಗೆ ಈ ನಿಯಮವಿಲ್ಲ. ಆದರೂ ಮುಂಚೆ ಲಿಖಿತ ಮನವಿ ಕೊಟ್ಟಿರುವುದು ಒಳ್ಳೆಯದು.

4. ಆದೇಶದಲ್ಲಿ ಕಾಲಮಿತಿ ಇರುವಂತೆ ಕೋರಲು ತಮ್ಮ ವಕೀಲರಿಗೆ ತಿಳಿಸಬೇಕು. ಗಡುವಿಲ್ಲದ ಆದೇಶ ಕಚೇರಿಯಲ್ಲಿ ಸುಲಭವಾಗಿ ಮೂಲೆಗೆ ಬೀಳುತ್ತದೆ.

5. ಆದೇಶದ ದೃಢೀಕೃತ ಪ್ರತಿಯನ್ನು ಸಂಬಂಧಪಟ್ಟ ಅಧಿಕಾರಿಗೆ ತಲುಪಿಸಿ ಸ್ವೀಕೃತಿ ಇಟ್ಟುಕೊಳ್ಳಬೇಕು. ಅಧಿಕಾರಿ ವರ್ಗವಾದರೆ ಹೊಸಬರಿಗೂ ತಲುಪಿಸಬೇಕು. "ನನ್ನ ಗಮನಕ್ಕೆ ಬಂದಿಲ್ಲ" ಎಂಬ ಉತ್ತರಕ್ಕೆ ಇದೇ ಮದ್ದು.

6. ಮೇಲ್ಮನವಿ ಹಾಕಿದ್ದೇವೆಂಬ ಮಾತಿಗೆ ತಡೆಯಾಜ್ಞೆಯ ಪ್ರತಿ ಕೇಳಬೇಕು. ತಡೆಯಾಜ್ಞೆ ಇಲ್ಲದ ಬರಿಯ ಮೇಲ್ಮನವಿಯಿಂದ ಆದೇಶ ನಿಲ್ಲದು.

7. ನಿಂದನೆ ನಡೆದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವರ್ಷ ಕಳೆದರೆ ಈ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ವಕೀಲರ ಶುಲ್ಕ ಕೊಡಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವುಂಟು.

ಕೊಳೆರೋಗ ಕಾಣಿಸಿಕೊಂಡ ಮೇಲೆ ಬೋರ್ಡೋ ಡಬ್ಬ ಹುಡುಕುವ ಬೆಳೆಗಾರನಿಗೆ ಫಲ ಕಡಿಮೆ. ಕಾನೂನಿನ ವಿಷಯವೂ ಹಾಗೆಯೇ. ಮೊದಲ ಅರ್ಜಿ ಕೊಟ್ಟ ದಿನದಿಂದಲೇ ಒಂದು ಕಡತ ತೆರೆದು, ಸ್ವೀಕೃತಿ, ಅಂಚೆ ರಸೀದಿ, ಆದೇಶದ ಪ್ರತಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಟ್ಟುಕೊಂಡವರಿಗೆ ನ್ಯಾಯಾಲಯದಲ್ಲಿ ಅರ್ಧ ಕೆಲಸ ಮುಗಿದಂತೆಯೇ ಸರಿ.