ಸೀಟು ಸಿಕ್ಕಿತು, ಮಲಗುವುದೆಲ್ಲಿ?

ಸೋಮವಾರ ಚಾಮರಾಜಪೇಟೆಯ ವಕೀಲರ ಮನೆ. ಮಂಗಳವಾರ ಬಸವನಗುಡಿಯ ಮೇಷ್ಟ್ರ ಮನೆ. ಬುಧವಾರ ಇನ್ನೊಂದು ಕ್ರಾಸಿನ ಅಜ್ಜಿಯ ಮನೆ. ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು, ಹಳ್ಳಿಯಿಂದ ಬಂದ ಬಡ ಹುಡುಗ ಹೈಸ್ಕೂಲು, ಇಂಟರ್‌ಮೀಡಿಯೆಟ್ಟು ಎಲ್ಲ ಮುಗಿಸಿಕೊಳ್ಳುತ್ತಿದ್ದ ಕಾಲವೊಂದು ಹಳೆಯ ಬೆಂಗಳೂರಿನಲ್ಲಿತ್ತು. ಅದಕ್ಕೆ ವಾರಾನ್ನ ಎಂದು ಹೆಸರು. ಕೈಕಾಲು ತೊಳೆದು ನಡುಮನೆಗೆ ಬಂದರೆ ಎಲೆ ಹಾಕಿರುತ್ತಿತ್ತು. ಸಾರು, ಅನ್ನ, ಒಂದು ಪಲ್ಯ, ಕೊನೆಗೆ ಮಜ್ಜಿಗೆ. ಆ ಊಟದ ಋಣವನ್ನು ಮುದುಕರಾದ ಮೇಲೂ ಕಣ್ಣು ತುಂಬಿಕೊಂಡು ನೆನೆದವರು ಎಷ್ಟೋ ಮಂದಿ. ಅವರ ಕೃತಜ್ಞತೆ ನಿಜ, ಬಡಿಸಿದ ತಾಯಂದಿರ ಔದಾರ್ಯವೂ ನಿಜ.

ಆದರೆ ಆ ಎಲೆಯ ಮುಂದೆ ಯಾರು ಕೂರಬಹುದಿತ್ತು?

ವಾರಾನ್ನ ಬಹುಮಟ್ಟಿಗೆ ಬ್ರಾಹ್ಮಣ ಹುಡುಗನಿಗೆ ಬ್ರಾಹ್ಮಣರ ಮನೆಯಲ್ಲಿ ಸಿಗುತ್ತಿದ್ದ ಊಟ. ಮಾಗಡಿಯ ಒಕ್ಕಲಿಗರ ಹುಡುಗನಿಗೆ, ಶಿರಾದ ಕುರುಬರ ಹುಡುಗನಿಗೆ, ಆನೇಕಲ್ಲಿನ ಹೊಲೆಯರ ಇಲ್ಲವೇ ಮಾದಿಗರ ಹುಡುಗನಿಗೆ ಬುದ್ಧಿ ಎಷ್ಟೇ ಚುರುಕಾಗಿದ್ದರೂ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಶಾಲೆಯ ಬಾಗಿಲು ತೆರೆದಿದ್ದರೂ ಅವನು ರಾತ್ರಿ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು? ಶಿಕ್ಷಣದಲ್ಲಿ ಸಮಾನತೆ ಎಂದಾಗ ಪ್ರವೇಶ, ಅಂಕ, ಮೀಸಲಾತಿಯ ಮಾತು ಬರುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳ ಚರಿತ್ರೆಯನ್ನು ಹಿಡಿದು ಹೊರಟರೆ ಎದುರಾಗುವ ಮೊದಲ ಪ್ರಶ್ನೆ ಮಾತ್ರ ಅನ್ನದ್ದು, ಸೂರಿನದ್ದು.

ಚಾಮರಾಜಪೇಟೆ 1892ರಲ್ಲಿ ಎದ್ದ ಬಡಾವಣೆ. 1898ರ ಪ್ಲೇಗಿನ ದಿನಗಳಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಕಿಷ್ಕಿಂಧೆಯಂಥ ಪೇಟೆ ಬಿಟ್ಟು ಗಾಳಿ ಬೆಳಕಿರುವ ಕಡೆ ಜನ ಬದುಕಲಿ ಎಂಬುದು ಉದ್ದೇಶ. ರಸ್ತೆಗಳು ನೇರವಾದವು, ಚರಂಡಿಗಳು ಬಂದವು, ಮನೆಮುಂದೆ ಸಂಪಿಗೆ ಮರಗಳು ಬಂದವು. ನಿವೇಶನಗಳ ಹಂಚಿಕೆಯಲ್ಲಿ ಮಾತ್ರ ಜಾತಿ, ಸಮುದಾಯಗಳ ಲೆಕ್ಕ ಪೇಟೆಯಲ್ಲಿದ್ದಂತೆಯೇ ಉಳಿಯಿತು. ಶಾಲೆ ಕಾಲೇಜುಗಳು ಹುಟ್ಟಿಕೊಂಡದ್ದು ಇಂಥ ಬೀದಿಗಳ ನಡುವೆ. ಹಾಗಾಗಿ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಹುಡುಗರು ಸಂಜೆ ಗಂಟೆ ಬಾರಿಸಿದೊಡನೆ ಎರಡು ಬೇರೆ ಲೋಕಗಳಿಗೆ ನಡೆಯುತ್ತಿದ್ದರು.

ಇದಕ್ಕೆ ಮೈಸೂರು ಸಂಸ್ಥಾನದ ಹಿಂದುಳಿದ ಸಮುದಾಯಗಳು ಕಂಡುಕೊಂಡ ಉತ್ತರವೇ ಹಾಸ್ಟೆಲ್ಲು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ ವಿದ್ಯಾರ್ಥಿನಿಲಯವನ್ನು ತನ್ನ ದೊಡ್ಡ ಕೆಲಸವೆಂದೇ ಭಾವಿಸಿತು. ವೀರಶೈವರು, ಕುರುಬರು, ದೇವಾಂಗರು ತಮ್ಮ ತಮ್ಮ ನಿಲಯಗಳನ್ನು ಕಟ್ಟಿಕೊಂಡರು. ಮೈಸೂರಿನಲ್ಲಿ ಪಂಚಮರ, ಅಂದರೆ ದಲಿತರ, ವಸತಿ ಶಾಲೆಯನ್ನು ತಲಕಾಡು ರಂಗೇಗೌಡರು ಮುಖ್ಯೋಪಾಧ್ಯಾಯರಾಗಿ ನಡೆಸಿದರು. ಇವನ್ನು ಜಾತಿ ಹಾಸ್ಟೆಲ್ಲುಗಳೆಂದು ಹಗುರವಾಗಿ ಮಾತಾಡುವವರು ಒಂದು ಮಾತನ್ನು ನೆನಪಿಡಬೇಕು. ಎಲ್ಲರ ಮನೆಯ ಬಾಗಿಲೂ ಎಲ್ಲರಿಗೂ ತೆರೆದಿದ್ದರೆ ಅವು ಹುಟ್ಟುತ್ತಲೇ ಇರಲಿಲ್ಲ.

ಅದೇ ಹೊತ್ತಿಗೆ ಸರ್ಕಾರದ ಮಟ್ಟದಲ್ಲೂ ವಾದ ಎದ್ದಿತ್ತು. 1917ರಲ್ಲಿ ಹಿಂದುಳಿದ ಸಮುದಾಯಗಳ ಪರವಾಗಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ದಿವಾನ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಿರಲಿಲ್ಲ. ಅವರು ಹುದ್ದೆ ಬಿಟ್ಟರು. 1921ರಲ್ಲಿ ಸಮಿತಿಯ ಸಲಹೆ ಒಪ್ಪಿದ ಆದೇಶ ಹೊರಬಿತ್ತು. ಪ್ರತಿಭೆಯೋ ಪ್ರಾತಿನಿಧ್ಯವೋ ಎಂದು ಇಂದಿಗೂ ಬಿಸಿಯೇರುವ ಚರ್ಚೆಗೆ ನಮ್ಮಲ್ಲಿ ನೂರು ದಾಟಿದ ವಯಸ್ಸು.

ಬೆಂಗಳೂರಿನ ಹಾಸ್ಟೆಲ್ಲುಗಳ ನಡುವೆ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲಿನ ಕಥೆ ಬೇರೆಯದು. ದಲಿತ ಮಕ್ಕಳ ಓದಿಗಾಗಿ ದುಡಿದ ಬ್ರಾಹ್ಮಣರೊಬ್ಬರ ಹೆಸರು ಹೊತ್ತ ನಿಲಯ ಅದು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬಂದು ಮಲ್ಲೇಶ್ವರದ ಪಕ್ಕದ ಶ್ರೀರಾಮಪುರದಲ್ಲಿ ಬೆಳೆದ ಹುಡುಗನೊಬ್ಬ ಅಲ್ಲಿದ್ದು ಓದಿದ. ಮುಂದೆ 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟಿಸಿ ಕನ್ನಡ ಕಾವ್ಯದ ದನಿಯನ್ನೇ ಬದಲಿಸಿದ ಸಿದ್ಧಲಿಂಗಯ್ಯನವರೇ ಆ ಹುಡುಗ. ಅವರ ಆತ್ಮಕಥೆ ‘ಊರುಕೇರಿ’ಯಲ್ಲಿ ಹಾಸ್ಟೆಲ್ಲಿನ ದಿನಗಳು ಬರುತ್ತವೆ. ಹಸಿವು, ಪುಂಡಾಟ, ಗೆಳೆತನ, ಪುಸ್ತಕದ ಹುಚ್ಚು ಎಲ್ಲವೂ ಒಂದೇ ಕೋಣೆಯಲ್ಲಿ ಕೂಡಿದ್ದ ದಿನಗಳವು. ಭಾಷಣ ಮಾಡುವುದನ್ನು, ವಾದ ಹೂಡುವುದನ್ನು, ತಮ್ಮಂಥವರು ನಾಡಿನ ತುಂಬ ಇದ್ದಾರೆ ಎಂಬುದನ್ನು ಅಲ್ಲಿದ್ದ ಹುಡುಗರು ಕಲಿತದ್ದು ಪಾಠಪುಸ್ತಕದಿಂದಲ್ಲ, ಪಕ್ಕದ ಚಾಪೆಯವನಿಂದ.

ಆ ಸೂರಿಗೂ ಕಲ್ಲು ಬಿತ್ತು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ ಎಂಬ ಮಾತು ನಾಡನ್ನೇ ಕಲಕಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ಕೊನೆ ಹಾಡಲು ಹೊರಟಿದ್ದ ಸಚಿವರು ಅವರು. ಸಾಹಿತ್ಯದ ಕುರಿತ ಒಂದು ಅಭಿಪ್ರಾಯಕ್ಕೆ ಪ್ರತಿಯಾಗಿ ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲ್ಲುಗಳ ಮೇಲೆ ದಾಳಿಗಳಾದವು. ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಏಟು ತಿಂದ ಅದೇ ಹಾಸ್ಟೆಲ್ ಹುಡುಗರ ನಡುವಿನಿಂದ ದಲಿತ ಚಳವಳಿ ಎದ್ದು ನಿಂತಿತು.

ಬಸವನಗುಡಿಯ ನೆನಪಿಗೆ ಬರುವ ಇನ್ನೊಬ್ಬ ಹುಡುಗ 1935ರವನು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವನು, ತಾಯಿ ಕೂಲಿ ಮಾಡಿ ಸಾಕಿದ ಮಗ. ಬಸ್ಸಿಗೆ ಕಾಸಿಲ್ಲದೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರವನ್ನು ಎರಡು ದಿನ ನಡೆದು ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ. ಬಡ ವಿದ್ಯಾರ್ಥಿಗಳಿಗಾಗಿ ಇದ್ದ ನಿಲಯ ಅವನಿಗೆ ಆಸರೆಯಾಯಿತು. ಮುಂದೆ ಅಮೆರಿಕದ ಓಹಾಯೊದಲ್ಲಿ ಭೌತವಿಜ್ಞಾನದ ಡಾಕ್ಟರೇಟು ಪಡೆದು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರೇ ಅವರು. ಎಚ್ಚೆನ್ ತಮ್ಮ ಬದುಕಿನ ಬಹುಭಾಗವನ್ನು ಕಾಲೇಜು ಹಾಸ್ಟೆಲ್ಲಿನ ಒಂದು ಕೋಣೆಯಲ್ಲೇ ಕಳೆದರು. ಖಾದಿ ಪಂಚೆ, ಜುಬ್ಬ, ಬಿಳಿ ಟೋಪಿ, ಸುತ್ತ ವಿದ್ಯಾರ್ಥಿಗಳು.

ಅವರನ್ನು ಸರಳತೆಗಾಗಿ ಎಲ್ಲರೂ ಹೊಗಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಅವರು ಆ ನಡಿಗೆಯಿಂದ ಕಲಿತ ಪಾಠ. ಅವರ ಮುತುವರ್ಜಿಯಿಂದ ನ್ಯಾಷನಲ್ ವಿದ್ಯಾಸಂಸ್ಥೆಯ ಕಾಲೇಜುಗಳು ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಶುರುವಾದವು. ಬಾಗೇಪಲ್ಲಿಯ ಹುಡುಗ ಇನ್ನು ಎರಡು ದಿನ ನಡೆಯಬೇಕಿಲ್ಲ, ಊರಿನ ಹುಡುಗಿಯನ್ನು ದೂರದ ಪಟ್ಟಣಕ್ಕೆ ಕಳಿಸಲು ಹೆದರುವ ಅಪ್ಪನಿಗೂ ನೆಪ ಉಳಿಯಲಿಲ್ಲ. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾಡುವ ಭಾಷಣಕ್ಕಿಂತ ಬರಗಾಲದ ತಾಲ್ಲೂಕಿನಲ್ಲಿ ತೆರೆದ ಒಂದು ವಿಜ್ಞಾನ ಪ್ರಯೋಗಾಲಯ ತೂಕದ್ದು.

ಓದಿದ ಮೇಲೂ ಸೂರಿನ ಸಮಸ್ಯೆ ಬಗೆಹರಿಯುತ್ತದೆ ಎನ್ನುವಂತಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1917ರಲ್ಲಿ ಬರೋಡಕ್ಕೆ ನೌಕರಿಗೆ ಬಂದ ಅಂಬೇಡ್ಕರರಿಗೆ ಆ ಊರಿನಲ್ಲಿ ಬಾಡಿಗೆಗೆ ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಬೇರೆ ಹೆಸರು ಹೇಳಿಕೊಂಡು ಉಳಿದರು. ಗುಟ್ಟು ತಿಳಿದಾಗ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು.

ಮಲ್ಲೇಶ್ವರದಲ್ಲಿ ಇಂದು ಯಾರೂ ದೊಣ್ಣೆ ಹಿಡಿಯುವುದಿಲ್ಲ. ಗೇಟಿಗೆ ತಗುಲಿಸಿದ ಒಂದು ರಟ್ಟಿನ ಬೋರ್ಡು ಸಾಕು: ‘ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ’. ಬೋರ್ಡು ಇಲ್ಲದ ಕಡೆ ಪ್ರಶ್ನೆಗಳು ಮೆಲ್ಲಗೆ ಬರುತ್ತವೆ. ‘ಯಾವ ಕಡೆಯವರಮ್ಮ?’ ‘ಪೂರ್ತಿ ಹೆಸರೇನು?’ ‘ನಿಮ್ಮಲ್ಲಿ ಊಟ ಹೇಗೆ?’ ಮೂರನೆಯ ಪ್ರಶ್ನೆಗೆ ಕಲಬುರಗಿಯಿಂದ ಬಂದ ಹುಡುಗಿ ಉತ್ತರಿಸುವಷ್ಟರಲ್ಲಿ ಮನೆ ಯಾರಿಗೋ ಆಗಲೇ ಗೊತ್ತಾಗಿರುತ್ತದೆ. ಮಣಿಪುರದ, ನಾಗಾಲ್ಯಾಂಡಿನ ವಿದ್ಯಾರ್ಥಿಗೆ ಆ ಪ್ರಶ್ನೆಗಳೂ ಬೇಕಿಲ್ಲ, ಮುಖ ನೋಡಿದರೆ ಮುಗಿಯಿತು. 2012ರ ಆಗಸ್ಟಿನಲ್ಲಿ ಹಲ್ಲೆಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ಗುವಾಹಟಿ ರೈಲಿಗೆ ಮುಗಿಬಿದ್ದದ್ದನ್ನು ಈ ನಗರ ಮರೆಯಬಾರದು. ಇಷ್ಟು ಮಂದಿ ಇಷ್ಟು ಬೇಗ ಗಂಟುಮೂಟೆ ಕಟ್ಟಿದರೆಂದರೆ ಅವರಿಗೆ ಇದು ತಮ್ಮ ಊರು ಎನಿಸಿರಲೇ ಇಲ್ಲ.

ಅದೇ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಚೇರಿಯಿದೆ. ಸಿಇಟಿ ಬರೆದ ಮನೆಗಳಲ್ಲಿ ಮಕ್ಕಳ ಹೆಸರಿನಷ್ಟೇ ಬಾಯಿಪಾಠವಾಗಿರುವುದು ಅವರ ಪ್ರವರ್ಗ: ಜಿಎಂ, 1, 2ಎ, 2ಬಿ, 3ಎ, 3ಬಿ, ಎಸ್‌ಸಿ, ಎಸ್‌ಟಿ. ಗ್ರಾಮೀಣವಾದರೆ ‘ಆರ್’, ಕನ್ನಡ ಮಾಧ್ಯಮವಾದರೆ ‘ಕೆ’ ಸೇರುತ್ತದೆ. ಈ ಅಕ್ಷರಗಳ ಹಿಂದೆ ನಾಗನಗೌಡ ಸಮಿತಿ, ಹಾವನೂರು ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗಗಳ ದೀರ್ಘ ದುಡಿಮೆಯಿದೆ. ಮೀಸಲಾತಿ ಶೇ 50 ದಾಟಬಾರದು ಎಂದು ದೇಶವೆಲ್ಲ ಉಲ್ಲೇಖಿಸುವ ಗೆರೆ ಮೊದಲು ಮೂಡಿದ್ದೂ ಇಲ್ಲಿಯದೇ ಪ್ರಕರಣದಲ್ಲಿ. ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟು 1962ರ ಜುಲೈನಲ್ಲಿ ಮೈಸೂರು ಸರ್ಕಾರ ಹೊರಡಿಸಿದ ಆದೇಶವನ್ನು ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ ರದ್ದುಪಡಿಸಿತು.

ಅಕ್ಷರ ಸೀಟು ಕೊಡಿಸುತ್ತದೆ. ಆಮೇಲೆ ಅದೇ ಅಕ್ಷರ ಹಣೆಪಟ್ಟಿಯೂ ಆಗುತ್ತದೆ. ಕಾಲೇಜಿನ ಮೊದಲ ವಾರದಲ್ಲಿ ‘ನಿನ್ನ ರ‍್ಯಾಂಕ್ ಎಷ್ಟು?’ ಎಂದು ಕೇಳುವುದು ಪರಿಚಯಕ್ಕಲ್ಲ, ಜಾತಿ ತಿಳಿಯುವುದಕ್ಕೆ. ಕೇಳಿಸಿಕೊಂಡವರಿಗೆ ಅದು ಗೊತ್ತು, ಕೇಳಿದವರಿಗೂ ಗೊತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ 2012ರಲ್ಲೇ ನಿಯಮ ತಂದು, ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎಂದಿತು. ಆ ಅಧಿಕಾರಿ ಯಾರು, ಯಾವ ಕೋಣೆಯಲ್ಲಿ ಕೂರುತ್ತಾರೆ ಎಂದು ಹೇಳಬಲ್ಲ ವಿದ್ಯಾರ್ಥಿ ಸಿಗುವುದು ಕಷ್ಟ.

ಸರ್ಕಾರದ ನಿಲಯಗಳಲ್ಲೂ ಎಲ್ಲ ಸರಿಯಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ ದೃಶ್ಯ ನಾಡು ನೋಡಿತು. ಓದಿಸಲೆಂದು ಕಟ್ಟಿದ ಸೂರಿನಡಿಯಲ್ಲೇ ಅಜ್ಜನ ಕಾಲದ ಕೆಲಸವನ್ನು ಮೊಮ್ಮಗನ ಕೈಗೆ ಕೊಟ್ಟದ್ದು ಅತ್ಯಂತ ನೋವಿನ ಸಂಗತಿ. ಬಸವಲಿಂಗಪ್ಪನವರ ನಾಡಿನಲ್ಲಿ, ಅಷ್ಟು ವರ್ಷಗಳ ಮೇಲೆ.

ಆದರೂ ಹಾಸ್ಟೆಲ್ಲಿಗೆ ಬದಲಿ ಇನ್ನೂ ಸಿಕ್ಕಿಲ್ಲ. ನಿಲಯದಲ್ಲಿ ಜಾಗ ಸಾಲದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದ ‘ವಿದ್ಯಾಸಿರಿ’ ಯೋಜನೆ ಬಂತು. ಒಳ್ಳೆಯ ಯೋಚನೆಯೇ, ಆದರೆ ಬೆಂಗಳೂರಿನ ಪಿ.ಜಿ.ಗಳ ಬಾಡಿಗೆ ಕೇಳಿದ ಯಾರಿಗಾದರೂ ಅಂಥ ಮೊತ್ತ ಎಷ್ಟರ ಮಟ್ಟಿಗೆ ಸಾಲುತ್ತದೆ ಎಂಬುದು ಗೊತ್ತು.

ಮತ್ತೆ ಪ್ರವೇಶದ ದಿನಗಳು ಬರುತ್ತವೆ. ಸೀಟು ಹಂಚಿಕೆಯ ಹಾಳೆಯನ್ನು ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿಟ್ಟುಕೊಂಡು ಅಪ್ಪ ಮಗಳು ಕಾಲೇಜಿಗೆ ಬಂದು ಶುಲ್ಕ ಕಟ್ಟುತ್ತಾರೆ, ಅಂಕಪಟ್ಟಿ ಒಪ್ಪಿಸುತ್ತಾರೆ. ಆಮೇಲೆ ಕಿಟಕಿಯಾಚೆಗಿನ ಗುಮಾಸ್ತರನ್ನು ಅಪ್ಪ ಅಳುಕುತ್ತಲೇ ಕೇಳುತ್ತಾನೆ: ‘ಸಾರ್, ಮಗು ಉಳ್ಕೊಳ್ಳೋಕೆ ಇಲ್ಲೇನಾದ್ರೂ ವ್ಯವಸ್ಥೆ ಇದೆಯಾ?’