ನೀರಿನ ನಾಲ್ಕು ಡಿಗ್ರಿ, ಅಂಗಡಿಯ ಒಂದು ಕಿಲೋ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಲೆಕ್ಕ. ಆದರೆ ಯಾವ ನೀರು? ಬೇಸಿಗೆಯ ಮಧ್ಯಾಹ್ನದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರನ್ನು ಕರಾರುವಾಕ್ಕಾಗಿ ಒಂದು ಲೀಟರ್ ಅಳೆದು ತೂಗಿದರೆ ಸಿಗುವುದು ಸುಮಾರು 996 ಗ್ರಾಂ. ಕುದಿಯುವ ನೀರಾದರೆ 958 ಗ್ರಾಂ ಮಾತ್ರ. ಕಾದಾಗ ಹಿಗ್ಗಿ ಹಗುರಾಗುವುದು ವಸ್ತುಗಳ ಸಾಮಾನ್ಯ ಗುಣ. ಹಾಗಾದರೆ ತಣಿದಷ್ಟೂ ನೀರು ಭಾರವಾಗುತ್ತಲೇ ಹೋಗಬೇಕಲ್ಲವೆ? ಇಲ್ಲಿಯೇ ಇದೆ ಸ್ವಾರಸ್ಯ. ತಣಿಯುತ್ತಾ ಕುಗ್ಗುವ ನೀರು ಸುಮಾರು 4 ಡಿಗ್ರಿ ದಾಟಿ ಕೆಳಗಿಳಿದೊಡನೆ ಮತ್ತೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾದ ಮೇಲಂತೂ ಅಷ್ಟೇ ಜಾಗದಲ್ಲಿ ಹಿಡಿಸುವುದು 917 ಗ್ರಾಂ.

ಈ ವಿಚಿತ್ರವನ್ನು ಮೊದಲು ದಾಖಲಿಸಿದವರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಚಿಮೆಂಟೊ ಅಕಾಡೆಮಿಯ ವಿದ್ವಾಂಸರು ಪ್ರಮುಖರು. ಉದ್ದ ಕತ್ತಿನ ಗಾಜಿನ ಪಾತ್ರೆಯಲ್ಲಿ ನೀರು ತಣಿಯುತ್ತಾ ಕೆಳಗಿಳಿದು, ಹೆಪ್ಪುಗಟ್ಟುವ ಮುನ್ನವೇ ಮತ್ತೆ ಮೇಲೇರಿದ್ದನ್ನು ಅವರು 1667ರಲ್ಲಿ ಪ್ರಕಟಿಸಿದರು. ಚಳಿಗೆ ಗಾಜೇ ಕುಗ್ಗಿ ನೀರನ್ನು ಮೇಲಕ್ಕೆ ತಳ್ಳಿರಬೇಕು ಎಂದು ಸಂಶಯಪಟ್ಟವರೂ ಇದ್ದರು. ಎಡಿನ್‌ಬರೋದ ಥಾಮಸ್ ಚಾರ್ಲ್ಸ್ ಹೋಪ್ 1805ರಲ್ಲಿ ಪ್ರಕಟಿಸಿದ ಪ್ರಯೋಗ ಈ ಸಂಶಯಕ್ಕೆ ತೆರೆ ಎಳೆಯಿತು. ಎತ್ತರದ ಪಾತ್ರೆಯ ನಡುವನ್ನು ತಣಿಸಿದಾಗ ತಳದ ಥರ್ಮಾಮೀಟರು ಸುಮಾರು 4 ಡಿಗ್ರಿಗೆ ಇಳಿದು ನಿಂತಿತು. ಅದಕ್ಕಿಂತ ತಣ್ಣಗಿನ ನೀರು ಮೇಲಕ್ಕೆ ಏರಿತು.

ಅಷ್ಟರಲ್ಲಿ ಫ್ರಾನ್ಸಿನಲ್ಲಿ ಈ ಗುಣಕ್ಕೆ ಬೇರೊಂದು ಮಹತ್ವ ಬಂದಿತ್ತು. ಊರಿಗೊಂದು ಅಳತೆ, ಸಂತೆಗೊಂದು ತೂಕದಿಂದ ಬೇಸತ್ತ ಜನರಿಗೆ ಕ್ರಾಂತಿಯ ಸರ್ಕಾರ ಎಲ್ಲರಿಗೂ ಒಂದೇ ಆದ ಮಾನವನ್ನು ಕೊಡಹೊರಟಿತು. ನೀರು ಎಲ್ಲೆಡೆಯೂ ಸಿಗುವ ವಸ್ತು. ಅದರಿಂದಲೇ ತೂಕವನ್ನು ನಿರ್ಧರಿಸಬೇಕೆಂಬುದು ಆಶಯ. ಕೆಲಸ ಆರಂಭಿಸಿದವರಲ್ಲಿ ಒಬ್ಬನಾದ ಲವಾಸಿಯೆ 1794ರಲ್ಲಿ ಗಿಲೊಟಿನ್‌ಗೆ ಬಲಿಯಾದ. ಕರಗುವ ಮಂಜಿನ ಉಷ್ಣತೆಯ ನೀರನ್ನು ಆಧಾರವಾಗಿಟ್ಟುಕೊಳ್ಳಬೇಕೆಂದು 1795ರ ಕಾನೂನು ಹೇಳಿತು. ಮುಂದೆ ಕೆಲಸ ಪೂರೈಸಿದ ಲೆಫೆವ್ರ್ ಜಿನೋ ಮತ್ತು ಫ್ಲಾರೆನ್ಸಿನವನೇ ಆದ ಫಾಬ್ರೋನಿ 1799ರಲ್ಲಿ ಆರಿಸಿಕೊಂಡದ್ದು ನೀರು ಅತಿ ಸಾಂದ್ರವಾಗಿರುವ 4 ಡಿಗ್ರಿಯನ್ನು.

ಇದು ಜಾಣತನದ ಆಯ್ಕೆ. 25 ಡಿಗ್ರಿಯ ಆಸುಪಾಸಿನಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಲೀಟರಿಗೆ ಸುಮಾರು ಕಾಲು ಗ್ರಾಂ ವ್ಯತ್ಯಾಸ ಬರುತ್ತದೆ. 4 ಡಿಗ್ರಿಯ ಬಳಿಯಲ್ಲಾದರೆ ಅದು ಸುಮಾರು 8 ಮಿಲಿಗ್ರಾಂ ಅಷ್ಟೆ. ಈ ಅಳತೆಯ ಪ್ರಕಾರ ಸಿದ್ಧವಾದ ಪ್ಲಾಟಿನಂ ಸಿಲಿಂಡರೇ ಮೊದಲ ಕಿಲೋಗ್ರಾಂ. ಇಂದಿನ ಸೂಕ್ಷ್ಮ ಅಳತೆಗೆ ಹೋಲಿಸಿದರೆ ಅವರ ಲೆಕ್ಕ ತಪ್ಪಿದ್ದು ಕಿಲೋಗೆ ಕೇವಲ ಸುಮಾರು 25 ಮಿಲಿಗ್ರಾಂ!

ಸೇರು, ಮಣಗಳು ಊರಿಂದೂರಿಗೆ ಬದಲಾಗುತ್ತಿದ್ದ ನಮ್ಮ ದೇಶಕ್ಕೆ 1956ರ ಕಾಯಿದೆಯ ಮೂಲಕ ಕಿಲೋ ಬಂತು. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಅಂಗಡಿಗಳನ್ನು ಸೇರಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿರುವ 57ನೇ ಸಂಖ್ಯೆಯ ಪ್ಲಾಟಿನಂ-ಇರಿಡಿಯಂ ಪ್ರತಿಯೇ ದೇಶದ ತೂಕಗಳಿಗೆ ಆಧಾರವಾಯಿತು. 2019ರ ಮೇ 20ರಿಂದ ಕಿಲೋಗ್ರಾಂನ ವ್ಯಾಖ್ಯೆ ಪ್ಲಾಂಕ್ ಸ್ಥಿರಾಂಕವನ್ನು ಆಧರಿಸಿದೆ. ಆದರೂ ತೂಕದ ಕಲ್ಲಿನ ಭಾರ ಬದಲಾಗಲಿಲ್ಲ.

ನೀರೇಕೆ ಹೀಗೆ? ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಒಂದಕ್ಕೊಂದು ಕೈಹಿಡಿದು, ನಡುವೆ ತೆರಪು ಬಿಟ್ಟು ನಿಲ್ಲುತ್ತವೆ. ತಣಿಯುವ ನೀರಿನಲ್ಲಿ ಒಂದೆಡೆ ಅಣುಗಳ ಚಲನೆ ತಗ್ಗಿ ಅವು ಹತ್ತಿರವಾಗುತ್ತವೆ. ಇನ್ನೊಂದೆಡೆ ಈ ತೆರಪಿನ ಜೋಡಣೆ ಹೆಚ್ಚುತ್ತದೆ. 4 ಡಿಗ್ರಿಯ ಕೆಳಗೆ ಎರಡನೆಯದರ ಕೈ ಮೇಲಾಗುತ್ತದೆ.

ಈ ಗುಣದಿಂದ ಜೀವಗಳೂ ಉಳಿಯುತ್ತವೆ. ಕಡುಚಳಿಯಲ್ಲಿ ಶ್ರೀನಗರದ ದಾಲ್ ಸರೋವರ ಹೆಪ್ಪುಗಟ್ಟುವುದು ಮೇಲಿನಿಂದ. ಭಾರದ ನೀರು ತಳದಲ್ಲಿ ಉಳಿಯುತ್ತದೆ, ತೇಲುವ ಮಂಜು ಅದಕ್ಕೆ ಹೊದಿಕೆಯಾಗುತ್ತದೆ. ಬೇರೆ ದ್ರವಗಳಂತೆ ನೀರೂ ತಣಿದಷ್ಟೂ ಭಾರವಾಗಿ, ಮಂಜೂ ಮುಳುಗುವಂತಿದ್ದರೆ ಸರೋವರಗಳು ತಳದಿಂದ ಗಟ್ಟಿಯಾಗುತ್ತಿದ್ದವು. ಮೀನಿಗೆ ಚಳಿಗಾಲ ಕಳೆಯಲು ಜಾಗವೇ ಇರುತ್ತಿರಲಿಲ್ಲ.